ಬೋಳು ತೋಟದ ಪುಡಿ ಬೇಡವೆಂದೆ

ಬಸವಕಲ್ಯಾಣ
೧೭ ನವೆಂಬರ್ ೨೦೨೪

ಪ್ರೀತಿಯ ಸೂಗಮ್ಮಕ್ಕನಿಗೆ,

ನಿನ್ನ ಶರಣು ಶರಣಾರ್ಥಿಗೆ ನನ್ನ ಜೈ ಭೀಮ್. ದಸರೆಗೆ ಮುಂಚೆ ಬಂದ ನಿನ್ನ ಪತ್ರಕ್ಕೆ ದೀಪಾವಳಿ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಕೊಡಗಿನ ನಿಮ್ಮ ಕಾಫಿ ತೋಟದ ಲೈನ್‌ಮನೆಯಲ್ಲಿ ಫೋನ್ ಸಿಗುವುದಿಲ್ಲ ಎಂಬುದು ಬರೀ ನೆಪ. ಸಿಕ್ಕಿದ್ದರೂ ಈ ಮಾತು ಫೋನಿನಲ್ಲಿ ಆಡಲು ನನ್ನಿಂದ ಆಗುತ್ತಿರಲಿಲ್ಲ. ದಿನಾ ಡೈರಿಯಲ್ಲಿ ನಾಲ್ಕು ಸಾಲು ಗೀಚುವವಳು ನಿನಗೆ ಬರೆಯಲು ಇಷ್ಟು ದಿನ ತೆಗೆದುಕೊಂಡೆ.

ಮೊಮ್ಮಗಳು ಹುಟ್ಟಿದ ಸುದ್ದಿ ಓದಿ ಬಹಳ ಖುಷಿಯಾಯಿತು. ಈ ಸಲದ ಕೊಯ್ಲಿಗೆ ಬಾಣಂತಿ ಮಗಳನ್ನೂ ಕೂಸನ್ನೂ ಕರೆದುಕೊಂಡು ಗುಡ್ಡದಾಚೆಯ, ನೆರಳಿನ ಮರಗಳಿಲ್ಲದ ಬೋಳು ತೋಟಕ್ಕೆ ಹೋಗುವ ವಿಚಾರವಿದೆ, ಅಲ್ಲಿ ಕೂಲಿ ಹೆಚ್ಚು, “ನೀನು ಅಲ್ಲಿ ಒಂದು ಕೊಯ್ಲು ಮಾಡಿದವಳು, ಹೇಗಿದೆ ತಿಳಿಸು” ಎಂದು ನನ್ನನ್ನು ಕೇಳಿದ್ದೀಯ. ಹೋಗಬೇಡ ಅಕ್ಕಾ. ಅದನ್ನು ಹೇಳಲೆಂದೇ ಇವತ್ತು ಕಾಫಿ ಬಂಡಿ ಬೇಗ ಮುಚ್ಚಿ ಕೂತಿದ್ದೇನೆ.

ಮೇಲಿನ ಊರಿನ ಹೆಸರು ನೋಡಿ ನಿನಗೆ ಆಶ್ಚರ್ಯವಾಗಿರಬೇಕು. ನನ್ನ ಕೂಸು ಸಮ್ಯಕನನ್ನು ಕಳೆದುಕೊಂಡು ಕೊಡಗಿನಿಂದ ಮರಳಿದ ಮೇಲೆ ನಾನೂ ಅತ್ತೆ ಶೇವಂತಾಬಾಯಿಯೂ ಹುಮನಾಬಾದ ಬಸ್ ನಿಲ್ದಾಣದ ಹತ್ತಿರ, ಸಂಜೀವಕುಮಾರ ಸಾವ್ಕಾರರ ಕಿರಾಣಿ ಅಂಗಡಿಯ ಮುಂದೆ, ಚಹಾ-ಕಾಫಿ ಬಂಡಿ ಇಟ್ಟಿದ್ದೆವಲ್ಲ. ಜಾಗಕ್ಕೆ ಬಾಡಿಗೆ ಇರಲಿಲ್ಲ. ಬದಲಿಗೆ ಸಕ್ಕರೆ, ಚಹಾಪುಡಿ, ಹಾಲು ಎಲ್ಲ ಅವರ ಅಂಗಡಿಯಿಂದಲೇ ತೆಗೆದುಕೊಳ್ಳಬೇಕು. ಇಲ್ಲಿ ಹಾಗೆಯೇ ನಡೆಯುತ್ತದೆ. ಕಾಫಿಪುಡಿ ಅವರಲ್ಲಿ ಇರಲಿಲ್ಲವಾದ್ದರಿಂದ ನೀನು ಕಳಿಸುವ ಪುಡಿಗೆ ಯಾರ ತಕರಾರೂ ಇರಲಿಲ್ಲ.

ಚಹಾ ಕುಡಿಯುವ ಊರಿನಲ್ಲಿ ಕಾಫಿ ಮಾರುವುದು ಸುಲಭವಲ್ಲ ಅಕ್ಕಾ. ಶುರುವಿನಲ್ಲಿ ಅತ್ತೆ ಪುಡಿಯನ್ನು ಹಾಲಿಗೇ ಸುರಿದು, ಶುಂಠಿ ಜಜ್ಜಿ ಹಾಕಿ, ಚಹಾದಂತೆ ಕೊತಕೊತ ಕುದಿಸಿಬಿಟ್ಟರು. ಕಂಡಕ್ಟರ್ ತುಳಜಾರಾಮ ಒಂದು ಗುಟುಕು ಕುಡಿದು, “ಆಯಿ, ಇದು ಕಾಫಿನೋ ಕಷಾಯನೋ? ನನಗ ಜ್ವರಾ ಬಂದಿಲ್ಲಲಾ!” ಎಂದ. ಆಮೇಲಾಮೇಲೆ ಅವನೇ ಬಸ್ಸಿನಿಂದ ಇಳಿಯುವ ಮೊದಲೇ “ಹಕ್ಕಿ ಕಾಫಿ ಒಂದು!” ಎಂದು ಕೂಗತೊಡಗಿದ.

ಆ ಹೆಸರು ಬಂದದ್ದು ನನ್ನ ಬಾಯಿಂದಲೇ. ಕುಡಿಯುವವರಿಗೆಲ್ಲ ನಿಮ್ಮ ತೋಟದ ಸುದ್ದಿ ಹೇಳುತ್ತೇನೆ. ಹಲಸು, ಅತ್ತಿ, ಹಾಲುವಾಣ ಮರಗಳ ಕೆಳಗೆ ಹಣ್ಣು ಹೇಗೆ ನಿಧಾನವಾಗಿ ಕೆಂಪಾಗುತ್ತದೆ, ಬೆಳಗಾದರೆ ಮೇಲಿನಿಂದ ಎಷ್ಟು ಬಗೆಯ ಕೂಗು ಬರುತ್ತದೆ ಎಂದು. ಕುಟರ್ ಕುಟರ್ ಎಂದು ಬಿಡದೆ ಕೂಗುವ ಹಕ್ಕಿಯ ಹೆಸರು ಗೊತ್ತಿಲ್ಲದೆ ನಾವಿಬ್ಬರೂ ಅದನ್ನು ಗಿರಣಿ ಹಕ್ಕಿ ಎನ್ನುತ್ತಿದ್ದೆವು, ನೆನಪಿದೆಯೇ? ಬೋಳು ತೋಟದಲ್ಲಿ ಅದರ ಸದ್ದು ಒಂದು ದಿನವೂ ಕೇಳಲಿಲ್ಲ. ಮರ ಕಡಿದರು, ಹಕ್ಕಿಗಳು ಹೋದವು. ಹುಳು ಹೆಚ್ಚಾಯಿತು, ಔಷಧ ಹೊಡೆದರು. ಆ ಔಷಧದ ಗಿಡಗಳಲ್ಲೇ ನಾವು ಕೈಯಾಡಿಸಿದೆವು.

ಹೋದ ತಿಂಗಳು ಸಾವ್ಕಾರರು ಹೊಸ ಕಾಫಿಪುಡಿಯ ಏಜೆನ್ಸಿ ಹಿಡಿದರು. ಪಾಕೀಟಿನ ಮೇಲೆ ನೀಲಿ ಹಕ್ಕಿಯ ಚಿತ್ರ.

“ಮನೀಷಾ, ನಿನಗ ಹಕ್ಕಿ ಬೇಕಲಾ? ನೋಡು, ಪಾಕೀಟಿನ ಮ್ಯಾಲೇ ಕುಂತದ. ಇನ್ಮ್ಯಾಲ ಇದೇ ಹಾಕು.”

“ಯಾವ ತ್ವಾಟದ್ದರಿ ಸಾವ್ಕಾರ್ರ?”

ಅವರು ಹೆಮ್ಮೆಯಿಂದ ಮೊಬೈಲಿನಲ್ಲಿ ಫೋಟೊ ತೋರಿಸಿದರು. “ಹ್ಯಾಂಗದ ನೋಡು! ಅಡ್ಡ ಒಂದು ಮರಾ ಇಲ್ಲ. ಬರೇ ಕಾಫಿನೇ ಕಾಫಿ!”

ಬೋಳು ತೋಟದ ಅದೇ ಇಳಿಜಾರು, ಅದೇ ನೀರಿನ ಟ್ಯಾಂಕು, ಅದೇ ಹಳದಿ ಗೇಟು. ಪಾಕೀಟನ್ನು ಅವರ ಕಡೆಗೇ ಸರಿಸಿದೆ.

“ಈ ಪುಡಿ ನನ್ನ ಒಲಿ ಮ್ಯಾಲ ಏರಲ್ಲರಿ.”

“ಯಾಕ? ಹಕ್ಕಿ ಬಂದು ನಿನ್ನ ಕಪ್ ತೊಳಿಯಾಕತ್ತಾವೇನು? ಜಾಗಾ ನಂದು, ಸಾಮಾನು ನನ್ನ ಅಂಗಡೀದು ಅಂತ ಮಾತಾಗಿತ್ತು.”

“ಹೌದ್ರಿ, ಮಾತಾಗಿತ್ತು. ಅದಕ್ಕ ಜಾಗಾ ನಿಮಗೇ ಬಿಡ್ತೀನ್ರಿ.”

ಅತ್ತೆ ಹಣೆ ಬಡಿದುಕೊಂಡರು. “ಹುಚ್ಚೀ, ಅಲ್ಲೆಲ್ಲೋ ಕೊಡಗಿನ ಹಕ್ಕಿ ಸಲುವಾಗಿ ಹುಮನಾಬಾದದಾಗಿನ ಜಾಗಾ ಬಿಡ್ತಾರೇನ?” ಎಂದು ಸಂಜೆಯವರೆಗೂ ಬೈದರು. ಮರುದಿನ ಬಂಡಿಯನ್ನು ಟೆಂಪೊಗೆ ಏರಿಸುವಾಗ ಹಿಂದಿನಿಂದ ಹೆಗಲು ಕೊಟ್ಟು ನೂಕಿದ್ದೂ ಅವರೇ. ಬಸವಕಲ್ಯಾಣದಲ್ಲಿ ಅವರ ತಮ್ಮ ದೇವಿಂದ್ರಪ್ಪ ಮಾಮ ತಮ್ಮ ಸೈಕಲ್ ಅಂಗಡಿಯ ಪಕ್ಕದಲ್ಲಿ ನಮಗೆ ಜಾಗ ಮಾಡಿಕೊಟ್ಟರು. ನಮ್ಮ ಮನೆಯವರು ಅಜೀತ ಇಲ್ಲಿಯೇ ಗಾರೆ ಕೆಲಸ ಹುಡುಕಿಕೊಂಡಿದ್ದಾರೆ.

ಮೊದಮೊದಲು ಹಾಲು ಉಳಿದು ಕೆಡುತ್ತಿತ್ತು. ಒಂದು ದಿನ ತುಳಜಾರಾಮನ ಬಸ್ಸು ಈ ದಾರಿಯಲ್ಲಿ ಬಂತು. ನನ್ನನ್ನು ನೋಡಿದವನೇ ಬಾಗಿಲಲ್ಲಿ ನಿಂತು, “ಇಳೀರಿ ಇಳೀರಿ, ಹಕ್ಕಿ ಕಾಫಿ ಹಾರಿಕೊಂಡು ಕಲ್ಯಾಣಕ್ಕ ಬಂದದ!” ಎಂದು ಬೊಬ್ಬೆ ಹಾಕಿದ. ಹುಮನಾಬಾದದಷ್ಟು ಗಿರಾಕಿ ಇಲ್ಲಿಲ್ಲ. ಆದರೂ ಬಂಡಿ ನಡೆಯುತ್ತದೆ, ನಾನು ನಡೆಸುತ್ತೇನೆ.

ಮುಂದಿನ ಪಾರ್ಸೆಲ್ ಇಲ್ಲಿಯ ವಿಳಾಸಕ್ಕೆ ಹಾಕಿಸು. ಮರ ಕಡಿಸಿದರೆ ಇಳುವರಿ ಹೆಚ್ಚು ಎಂದು ಯಾರಾದರೂ ನಿಮ್ಮ ತೋಟದ ಒಡತಿ ಅಮ್ಮಾವರ ಕಿವಿ ಕಚ್ಚಿದರೆ, ಮರ ಇವೆ ಎಂಬ ಕಾರಣಕ್ಕೇ ಕೊಳ್ಳುವವಳೊಬ್ಬಳು ಬಸವಕಲ್ಯಾಣದಲ್ಲಿದ್ದಾಳೆ ಎಂದು ಹೇಳು. ಅವರು ನಕ್ಕರೆ ನಗಲಿ.

ಕೂಸಿನ ಹೊಟ್ಟೆ ತಂಪಾಗಿರಲಿ, ಬಾಣಂತಿಯ ಮೈ ಗಟ್ಟಿಯಾಗಲಿ. ನಿನ್ನ ಮಂಡಿನೋವು ಈ ಚಳಿಗಾದರೂ ನಿನ್ನನ್ನು ಮರೆಯಲಿ.

ನಿನ್ನ ತಂಗಿ,
ಮನೀಷಾ

ತಾ.ಕ.: ಸಮ್ಯಕ ಜ್ವರದಿಂದ ಹೋದ ಎಂದಷ್ಟೇ ನಿನಗೆ ತಿಳಿಸಿದ್ದೆ. ನಿಮ್ಮಲ್ಲಿದ್ದಾಗ ಸೀರೆಯ ಜೋಳಿಗೆಯನ್ನು ಕೊಂಬೆಗೆ ಕಟ್ಟಿ ಅವನನ್ನು ಮಲಗಿಸುತ್ತಿದ್ದೆ. ಹಾದುಹೋಗುವಾಗಲೆಲ್ಲ ನೀನು ಒಮ್ಮೆ ತೂಗುತ್ತಿದ್ದೆ. ಬೋಳು ತೋಟದಲ್ಲಿ ಜೋಳಿಗೆ ಕಟ್ಟಲು ಕೊಂಬೆ ಇರಲಿಲ್ಲ. ಫೆಬ್ರುವರಿಯ ಬಿಸಿಲು. ಎರಡು ಕಾಫಿಗಿಡಗಳ ನಡುವೆ ನೆರಳಿಗೆಂದು ಗೋಣಿಚೀಲ ಕಟ್ಟಿ, ಅದರ ಕೆಳಗೆ ನೆಲದ ಮೇಲೆ ಮಲಗಿಸಿದ್ದೆ. ಬಿಸಿಲು ಸರಿದಂತೆ ಚೀಲ ಸರಿಸುತ್ತಿದ್ದೆ. ಮಧ್ಯಾಹ್ನ ಹಣ್ಣು ತೂಗಿಸಲು ಕರೆದರು, ಸಾಲು ಉದ್ದವಿತ್ತು. ಬಂದು ನೋಡಿದರೆ ಮೈ ಕಾದ ಹೆಂಚಿನಂತೆ ಸುಡುತ್ತಿತ್ತು, ಅಳುತ್ತಿರಲಿಲ್ಲ. ಆಸ್ಪತ್ರೆ ಮುಟ್ಟುವ ಮೊದಲೇ ಹೋದ. ಇದನ್ನು ಡೈರಿಯಲ್ಲೂ ಬರೆದಿಲ್ಲ. ಕೂಸನ್ನು ಅಲ್ಲಿಗೆ ಒಯ್ಯಬೇಡ ಅಕ್ಕಾ.