ಕಂಬಳಿಯೊಳಗಿನ ಹಳದಿ ಅಂಗಿ

ಯಸಳೂರು,
೧೮ ಆಗಸ್ಟ್ ೨೦೦೩

ಮಸ್ಕತ್ತಿನಲ್ಲಿರುವ ನನ್ನವರಿಗೆ,

ಹೇಮಶ್ರೀ ಮಾಡುವ ನಮಸ್ಕಾರ. ಹೇಗಿದ್ದೀರಿ? ಬೆನ್ನುನೋವು ಕಡಿಮೆಯಾಯಿತೇ? ದಿನವಿಡೀ ಟ್ಯಾಂಕರ್ ಓಡಿಸುವವರು ನಡುವೆ ಇಳಿದು ನಾಲ್ಕು ಹೆಜ್ಜೆ ಓಡಾಡಬೇಕು ಎಂದು ಹಿಂದಿನ ಪತ್ರದಲ್ಲೂ ಬರೆದಿದ್ದೆ. ನನ್ನ ಮಾತನ್ನು ನೀವು ಕೇಳುವುದಿಲ್ಲ, ನಿಮ್ಮ ಮಾತನ್ನು ನಾನು ಕೇಳುತ್ತೇನೆ. ಆ ವಿಷಯಕ್ಕೇ ಈ ಪತ್ರ. ಇಲ್ಲಿ ಅತ್ತೆ ಚೆನ್ನಾಗಿದ್ದಾರೆ. ಮಾವನ ಮಂಡಿನೋವು ಮಳೆಗಾಲದಲ್ಲಿ ಇರುವಷ್ಟೇ ಇದೆ. ನನ್ನ ಎಡಭುಜದ ಮೂಳೆ ಮುರಿದು ಕೈಯನ್ನು ಕೊರಳಿಗೆ ತೂಗುಹಾಕಿದ್ದಾರೆ, ಬರೆಯುವ ಕೈ ಸರಿಯಾಗಿದೆ. ನಮ್ಮ ಕುದುರೆ ಚೆಲುವಿ ಸತ್ತಳು. ಮಾವ ಅಂಗಡಿ ಫೋನಿನಲ್ಲಿ ನಿಮಗೆ "ಸಣ್ಣ ಆಕ್ಸಿಡೆಂಟು ಕಣೋ ಗುರು, ಏನೂ ಆಗಿಲ್ಲ, ಗಾಬ್ರಿ ಬೀಳ್ಬೇಡ" ಎಂದಿದ್ದು ನನಗೆ ಗೊತ್ತು. ದೂರದಲ್ಲಿರುವ ಮಗ ಊಟ ಬಿಟ್ಟಾನು ಎಂದು ಮುಚ್ಚಿಟ್ಟರು. ನಾನು ಮುಚ್ಚಿಡುವುದಿಲ್ಲ. ನೀವು ಒಂದು ಹೊತ್ತು ಊಟ ಬಿಟ್ಟರೆ ಬಿಡಿ.

ಮೊದಲಿನಿಂದ ಹೇಳುತ್ತೇನೆ, ಯಾಕೆಂದರೆ ನಿಮಗೆ ಮೊದಲಿನದು ಮರೆತುಹೋಗಿದೆ. ಮಾವ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ ಬಿಟ್ಟ ವರ್ಷ, ಅವರು ಹತ್ತಿ ತೋಟ ಸುತ್ತುತ್ತಿದ್ದ ಚೆಲುವಿಯನ್ನು ಎಸ್ಟೇಟಿನವರು ಅವರಿಗೇ ಕೊಟ್ಟರು. ಅವರ ಮಂಡಿ ಕೈಕೊಟ್ಟ ಮೇಲೆ ಡೈರಿಗೆ ಹಾಲು ಒಯ್ಯುವುದು ನನ್ನ ಪಾಲಿಗೆ ಬಂತು. ಮಳೆಗಾಲದಲ್ಲಿ ನಮ್ಮ ತೋಟದ ದಾರಿಗೆ ಜೀಪು ಹತ್ತುವುದಿಲ್ಲ, ಹತ್ತುವುದು ಚೆಲುವಿಯೊಬ್ಬಳೇ. ತೋಟದೊಳಗೆ ಭಯವಿರಲಿಲ್ಲ. ಗೇಟಿನಿಂದಾಚೆ ಟಾರು ರಸ್ತೆಯಲ್ಲಿ, ಮೋರಿಯ ತಿರುವಿನಲ್ಲಿ, ಬೆಳಗಿನ ಮಂಜಿನಲ್ಲಿ, ಮರದ ಲಾರಿ ಮೈಮೇಲೇ ಬಂದಂತೆ ಆಗುತ್ತಿತ್ತು. ಆಗ ನೀವು ರಜೆಯಲ್ಲಿದ್ದಿರಿ. ರಸ್ತೆ ಪಕ್ಕದ ಬೇಲಿಯ ಮೇಲೆ ಮನೆಯ ಬಟ್ಟೆಗಳನ್ನೆಲ್ಲ ಹರವಿ, ಬೆಳಗಿನ ಮಂಜಿನಲ್ಲಿ ತಿರುವಿನಾಚೆಯಿಂದ ಯಾವುದು ಕಾಣುತ್ತದೆ ಎಂದು ನೋಡಿದವರು ನೀವೇ. ಮಾವನ ಬಿಳಿ ಪಂಚೆ ಮಂಜಿನಲ್ಲಿ ಇಲ್ಲವೇ ಇಲ್ಲ. ನನ್ನ ಮದುವೆಯ ಕೆಂಪು ಸೀರೆ ಕಪ್ಪಗೆ ಕಂಡಿತು. ಹಸಿರು ರವಿಕೆ ಕಾಫಿ ಗಿಡದಲ್ಲಿ ಸೇರಿಹೋಯಿತು. ಅತ್ತೆ ಅರಿಶಿನದಲ್ಲಿ ಅದ್ದಿಟ್ಟಿದ್ದ ಬಟ್ಟೆಯೊಂದೇ ಕಣ್ಣಿಗೆ ಬಿತ್ತು. ನೀವು ನಕ್ಕು, "ಅರಿಶಿನಕ್ಕಿಂತ ಗಟ್ಟಿ ಹಳದಿ ನಮ್ಮ ಕಂಪನೀಲಿ ಐತೆ, ಕಳಿಸ್ತೀನಿ" ಎಂದಿರಿ. ಹೇಳಿದಂತೆ ಕಳಿಸಿದಿರಿ. ನಿಂಬೆಹಣ್ಣಿನ ಬಣ್ಣದ ಅಂಗಿ, ಎದೆಗೂ ಬೆನ್ನಿಗೂ ದೀಪ ಬಿದ್ದರೆ ಹೊಳೆಯುವ ಬೆಳ್ಳಿ ಪಟ್ಟಿ. ಚೆಲುವಿಯ ಕಾಲಿಗೂ ಅಂಥದೇ ಪಟ್ಟಿ. ಡ್ರೈವರನ ಕಣ್ಣು ಅಲ್ಲಾಡುವುದನ್ನು ಮೊದಲು ಹಿಡಿಯುತ್ತದೆ, ಅದಕ್ಕೇ ಕಾಲಿಗೆ ಕಟ್ಟಬೇಕು ಎಂದು ಬಿಡಿಸಿ ಬರೆದಿದ್ದಿರಿ. ಆ ಪತ್ರವನ್ನು ನಾನು ಎಷ್ಟು ಸಲ ಓದಿಕೊಂಡೆನೋ. ಹೆಂಡತಿಯ ಜೀವದ ಬಗ್ಗೆ ಇಷ್ಟು ಯೋಚಿಸುವ ಗಂಡ ಯಾರಿಗಿದ್ದಾನೆ ಎಂದು ಬೀಗಿದೆ.

ಒಂದು ಮಳೆಗಾಲ ಸುಖವಾಗಿ ಕಳೆಯಿತು. ಲಾರಿಯವರು ದೂರದಿಂದಲೇ ನಿಧಾನ ಮಾಡಿ ಕೈಯೆತ್ತಿ ಹೋಗುತ್ತಿದ್ದರು. ಅಷ್ಟರಲ್ಲಿ ನಿಮ್ಮ ಚಿಕ್ಕಪ್ಪನ ಮಗ ಸುನಿಲ್‌ಕುಮಾರ್ ರಜೆಗೆ ಬಂದ. ಡೈರಿಯ ಮುಂದೆ ನನ್ನನ್ನು ನೋಡಿ ಹಲ್ಲು ಕಿಸಿದ. ಮಸ್ಕತ್ತಿಗೆ ವಾಪಸು ಹೋದವನು ನಿಮ್ಮ ರೂಮಿನಲ್ಲಿ ಎಲ್ಲರೆದುರು ಏನು ಹೇಳಿದ ಎಂದು ನೀವೇ ಬರೆದಿರಿ. "ಅತ್ಗೆ ಚೂಡಿದಾರ್ ಮ್ಯಾಲೆ ರಸ್ತೆ ಕೂಲಿಯೋರ ಅಂಗಿ ತೊಟ್ಕಂಡು ಕುದ್ರೆ ಮ್ಯಾಲೆ ಮಿಂಚ್ತಾ ಹೋಯ್ತರೆ ಮಾರಾಯ, ಮೂರು ತಿರುವಿನಿಂದಾಚೆಗೂ ಕಾಣ್ತರೆ!" ಮೂರು ತಿರುವಿನಿಂದಾಚೆಗೆ ಕಾಣಲಿ ಎಂದೇ ಅಲ್ಲವೇ ನೀವು ಅದನ್ನು ಕಳಿಸಿದ್ದು? ರೂಮಿನವರೆಲ್ಲ ನಕ್ಕರಂತೆ. ನಿಮಗೆ ತಲೆತಗ್ಗಿಸುವಂತಾಯಿತಂತೆ. ಮಾನವಂತರ ಮನೆಯ ಸೊಸೆ ಊರಿಗೆಲ್ಲ ಕಾಣುವಂತೆ ಓಡಾಡುವುದು ಬೇಡ, ಅಂಗಿ ತೆಗೆದಿಡು, ಕುದುರೆಯ ಪಟ್ಟಿಯನ್ನೂ ಬಿಚ್ಚು ಎಂದು ಬರೆದಿರಿ. ಹಾಲು ಒಯ್ಯುವುದನ್ನು ನಿಲ್ಲಿಸು ಎಂದು ಮಾತ್ರ ಬರೆಯಲಿಲ್ಲ. ನಾನು ರಸ್ತೆಗೆ ಹೋಗಬೇಕು, ಕಾಣಬಾರದು. ಅದು ಹೇಗೆ ಎಂದು ಆ ಪತ್ರದಲ್ಲಿ ಬಿಡಿಸಿ ಬರೆದಿರಲಿಲ್ಲ.

ಪಟ್ಟಿಯನ್ನು ಬಿಚ್ಚಿ ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದೆ. ಅಂಗಿ ತೆಗೆದಿಡಲು ಮನಸ್ಸು ಬರಲಿಲ್ಲ, ಕೈಯಲ್ಲಿ ಹಿಡಿದು ಕೂತಿದ್ದೆ. ಅತ್ತೆ ನೋಡಿದರು. ನಿಮ್ಮ ಅಮ್ಮ ನಿಮ್ಮ ಮಾತನ್ನೂ ಮೀರುವವರಲ್ಲ, ನನ್ನ ಜೀವಕ್ಕೂ ಹೆದರುವವರು. ಅಂಗಿಯನ್ನು ದೇವಸ್ಥಾನಕ್ಕೆ ಒಯ್ದು ಪೂಜೆ ಮಾಡಿಸಿ, ಬೆನ್ನಿನ ಪಟ್ಟಿಯ ಮೇಲೆ ಕುಂಕುಮ ಇಡಿಸಿಕೊಂಡು ತಂದರು. "ಇದ್ನ ಒಳಗೆ ಹಾಕ್ಕ, ಮ್ಯಾಲೆ ಕಂಬಳಿ ಹೊದ್ಕ. ತಾಯಿತ ಏನು ರವ್ಕೆ ಮ್ಯಾಲೆ ಕಟ್ಕತೀವಾ? ಒಳಗಿದ್ರೂ ಕಾಯ್ತದೆ ಕಣವ್ವಾ. ಅವ್ನ ಮಾತೂ ನಡೆದಂಗಾಯ್ತು" ಎಂದರು. ಅದು ತಾಯಿತವಲ್ಲ ಅತ್ತೆ, ಡ್ರೈವರನ ಕಣ್ಣಿಗೆ ಕಾಣಬೇಕಾದ್ದು ಎಂದೆ. "ದೇವ್ರ ಕಣ್ಣಿಗೆ ಕಂಡ್ರೆ ಸಾಕು" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ತಿಳಿಯದು. ನಿಮಗೆ ತಿಳಿದಿತ್ತು. ಹಾಗೆ ನಿಮ್ಮ ಅಂಗಿ ತೊಟ್ಟು, ಅದರ ಮೇಲೆ ಮಾವನ ಕರಿಕಂಬಳಿಯನ್ನು ತಲೆಯಿಂದ ಸೊಂಟದವರೆಗೆ ಹೊದ್ದು, ಕಂದು ಕುದುರೆಯ ಮೇಲೆ ಕಪ್ಪು ಮೂಟೆಯಾಗಿ ಕೂತು ಹಾಲು ಒಯ್ಯತೊಡಗಿದೆ. ಊರಿನ ಬಾಯಿ ಮುಚ್ಚಿತು.

ಈ ತಿಂಗಳ ಮೊದಲ ಬುಧವಾರ ಮಂಜು ಬಹಳವಿತ್ತು. ಮೋರಿಯ ತಿರುವಿನಲ್ಲಿ ಶುಂಠಿ ತುಂಬಿದ ವ್ಯಾನೊಂದು ಎದುರಿಗೆ ಬಂತು. ಅದರ ದೀಪ ನಮ್ಮ ಮೇಲೆ ಬಿದ್ದಿದ್ದು ನನಗೆ ಕಂಡಿತು, ಆ ದೀಪಕ್ಕೆ ನಾವು ಕಾಣಲಿಲ್ಲ. ಆಮೇಲೆ ಆ ಡ್ರೈವರ್ ರಸ್ತೆಯಲ್ಲೇ ಕೂತು ಅಳುತ್ತಿದ್ದ. "ಕರೀ ಬಂಡೆ ಅನ್ಕಂಡೆ ಕಣಕ್ಕಾ, ಅಲ್ಲಾಡಿದ್ಮೇಲೇ ಗೊತ್ತಾಗಿದ್ದು" ಎನ್ನುತ್ತಿದ್ದ. ಚೆಲುವಿಯ ಎರಡೂ ಮುಂಗಾಲು ಮುರಿದಿದ್ದವು. ಎದ್ದೇಳಲು ನೋಡುವುದು, ಬೀಳುವುದು. ನಾನು ರಸ್ತೆಯ ನಡುವೆ ಬಿದ್ದಿದ್ದೆ, ಕಂಬಳಿ ಕಳಚಿ ಮೋರಿಗೆ ಹೋಗಿತ್ತು. ಅಷ್ಟರಲ್ಲಿ ಸಕಲೇಶಪುರದ ಬಸ್ಸು ಬಂತು. ಅದು ತಿರುವಿನ ಆ ತುದಿಯಲ್ಲೇ ಬ್ರೇಕು ಹಾಕಿ, ನನಗಿಂತ ಎಷ್ಟೋ ದೂರದಲ್ಲಿ ನಿಂತಿತು. ಬಸ್ಸಿನ ಡ್ರೈವರ್ ಓಡಿಬಂದು ನನ್ನನ್ನು ಎಬ್ಬಿಸುತ್ತಾ, "ಹಳ್ದಿ ಕಂಡ್ತು ಕಣಮ್ಮ, ಅದ್ಕೇ ನಿಲ್ಲಿಸ್ದೆ. ಮೊದ್ಲೇ ಇದ್ನ ಹಾಕ್ಕಂಡಿದ್ರೆ ಕುದ್ರೆನೂ ಉಳೀತಿತ್ತಲ್ಲ" ಎಂದ. ಹಾಕಿಕೊಂಡೇ ಮನೆಯಿಂದ ಹೊರಟಿದ್ದೆ ಎಂದು ಅವನಿಗೆ ಹೇಗೆ ಹೇಳಲಿ? ಹೇಳಿದ್ದರೆ ಯಾರ ಮಾನ ಹೋಗುತ್ತಿತ್ತು?

ದನದ ಡಾಕ್ಟರು ಬಂದು ನೋಡಿ ತಲೆಯಾಡಿಸಿದರು. ಚೆಲುವಿಗೆ ಸೂಜಿ ಚುಚ್ಚುವಾಗ ಮಾವ ಅವಳ ಕೊರಳು ತಬ್ಬಿ ಕೂತಿದ್ದರು. ಅಂದಿನಿಂದ ಅವರು ಸಂಜೆಯಾದರೆ ಬರಿದಾದ ಕೊಟ್ಟಿಗೆಯ ಬಾಗಿಲಲ್ಲಿ ಕೂರುತ್ತಾರೆ. ಅತ್ತೆ ಅಂಗಿಯನ್ನು ಒಗೆದು ಮತ್ತೆ ಕುಂಕುಮ ಹಚ್ಚಿದ್ದಾರೆ, ಒಳಗಿದ್ದುದಕ್ಕೇ ನಾನು ಉಳಿದೆನಂತೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಈ ಮನೆಯಲ್ಲಿ ಕೆಟ್ಟ ಮೇಲೂ ಬುದ್ಧಿ ಬಂದಿಲ್ಲ. ನನಗೆ ನಿಮ್ಮ ಮೇಲೆ ತುಂಬ ಕೋಪವಿದೆ. ಬೇರೆ ಯಾರಾದರೂ ಬೇಡ ಎಂದಿದ್ದರೆ ತಿಳಿಯದವರು ಎಂದು ಸುಮ್ಮನಾಗುತ್ತಿದ್ದೆ. ಸ್ಟಿಯರಿಂಗ್ ಹಿಡಿದು ಕೂತವನಿಗೆ ಮಂಜಿನಲ್ಲಿ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂದು ನನಗೆ ಹೇಳಿಕೊಟ್ಟವರು ನೀವು. ನಾಲ್ಕು ಜನ ನಕ್ಕರೆಂದು ಅದನ್ನೇ ಬಿಚ್ಚಿಡು ಎಂದವರೂ ನೀವೇ. ಆ ನಾಲ್ಕು ಜನರಲ್ಲಿ ಒಬ್ಬನಾದರೂ ಚೆಲುವಿಯ ಕಾಲು ನೋಡಲು ಬರಲಿಲ್ಲ.

ಇನ್ನು ಬರೆದರೆ ಕೆಟ್ಟ ಮಾತು ಬರುತ್ತದೆ. ಹೊತ್ತು ಹೊತ್ತಿಗೆ ಊಟ ಮಾಡಿ, ನಿದ್ದೆಗೆಟ್ಟು ಗಾಡಿ ಓಡಿಸಬೇಡಿ. ಅತ್ತೆ ಮಾವ ಆಶೀರ್ವಾದ ತಿಳಿಸಿದ್ದಾರೆ. ಸುನಿಲ್‌ಕುಮಾರನಿಗೆ ಅವನ ಅತ್ತಿಗೆ ಕೇಳಿದಳೆಂದು ಹೇಳಿ.

ನಿಮ್ಮ,
ಹೇಮಶ್ರೀ

ಮರೆತೆ: ಪತ್ರ ಅಂಟಿಸುವಷ್ಟರಲ್ಲಿ ಮಾವ ಪಾಳ್ಯದಿಂದ ಒಂದು ಕುದುರೆ ಹಿಡಿದುಕೊಂಡು ಬಂದರು. ಇದೂ ಕಂದು. ಗೂಟದಲ್ಲಿದ್ದ ಪಟ್ಟಿಯನ್ನು ತೆಗೆದು, ಆ ಮಂಡಿನೋವಿನಲ್ಲೂ ಕುಕ್ಕರುಗಾಲಲ್ಲಿ ಕೂತು ತಾವೇ ಅದರ ಕಾಲಿಗೆ ಕಟ್ಟಿದರು. ಭುಜ ಕೂಡಿದ ಮೇಲೆ ಮತ್ತೆ ನಾನೇ ಹೋಗುತ್ತೇನೆ. ಕಂಬಳಿ ಒಳಗೆ, ಅಂಗಿ ಮೇಲೆ. ನಿಮ್ಮನ್ನು ಕೇಳುತ್ತಿಲ್ಲ. ದೀಪಾವಳಿಗೆ ಬರುವಾಗ ಸಕಲೇಶಪುರದಿಂದ ಬೆಳಗಿನ ಜೀಪಿನಲ್ಲೇ ಬರುತ್ತೀರಲ್ಲ, ಡ್ರೈವರಿಗೆ ಮೊದಲೇ ಹೇಳಿಡಿ. ಮೋರಿಯ ತಿರುವಿನಲ್ಲಿ ಹಳದಿ ಕಂಡರೆ ನಿಧಾನ ಮಾಡಲಿ. ಅದು ನಾನು.