ಕಿವಿಗೆ ಬೀಳದ ಗಾಡಿ

ಇಸಳೂರು, ಶಿರಸಿ ತಾಲ್ಲೂಕು
ಸೋಮವಾರ, ೧೮-೧೧-೨೦೨೪

ನನ್ನ ಬಂಗಾರ ಪ್ರತಿಭಾಗೆ ನಿನ್ನ ಅವ್ವನ ಆಶೀರ್ವಾದಗಳು.

ಹೇಗಿದ್ದೀಯ? ವಾಂತಿ ನಿಂತಿತೇ? ಸಂಜೆ ಹೊತ್ತಿಗೆ ಕಾಲು ಬಾವು ಬರುತ್ತಿದೆಯೇ? ರಕ್ತ ಎಷ್ಟಿದೆ ಎಂದರು? ನನಗೆ ಹೇಗೆ ಗೊತ್ತಾಯಿತೆಂದು ಹೌಹಾರಬೇಡ, ಅದನ್ನೇ ಬರೆಯಲು ಕೂತಿದ್ದೇನೆ. ರಕ್ತ ಹೆಚ್ಚಿಸುವ ಆ ಕೆಂಪು ಮಾತ್ರೆಯನ್ನು ಚಹಾದ ಜೊತೆ ನುಂಗಬೇಡ, ಲಿಂಬೆಹಣ್ಣಿನ ಪಾನಕದ ಜೊತೆ ನುಂಗು. ಇಪ್ಪತ್ತಾರು ವರ್ಷ ಅಂಗನವಾಡಿಯಲ್ಲಿ ಊರ ಬಸುರಿಯರಿಗೆಲ್ಲ ಬಾಯಲ್ಲಿ ಹೇಳಿದ ಮಾತನ್ನು ಹೆತ್ತ ಮಗಳಿಗೆ ಕಾಗದದಲ್ಲಿ ಹೇಳುವಂತಾಯಿತು. ಉಲ್ಲಾಸ ಚೆನ್ನಾಗಿದ್ದಾನೆಯೇ? ಅವನ ತಾಯಿ ನಿನ್ನ ಕೈಲಿ ಕೊಡ ಎತ್ತಿಸುವುದಿಲ್ಲ ತಾನೇ? ಯಲ್ಲಾಪುರದ ಕಡೆಯ ಆ ನಿನ್ನ ನಂದೊಳ್ಳಿಯವರು ಒಳ್ಳೆಯವರೇ ಇರಬಹುದು. ನಾನು ನೋಡಿಲ್ಲ, ಅದಕ್ಕೇ ಕೇಳುತ್ತಿದ್ದೇನೆ.

ಎರಡು ವರ್ಷ ಸುಮ್ಮನಿದ್ದವಳಿಗೆ ಈಗ ಬರೆಯುವ ಧೈರ್ಯ ಎಲ್ಲಿಂದ ಬಂತೆಂದು ನೀನು ಕೇಳುತ್ತೀ. ನೀನು ಉಲ್ಲಾಸನ ಜೊತೆ ರಿಜಿಸ್ಟರ್ ಮದುವೆಯಾದ ಸಂಜೆ ನಿನ್ನ ಅಪ್ಪ ನನ್ನನ್ನೂ ನಿನ್ನ ತಮ್ಮನನ್ನೂ ಗೋಡೆಯ ದೇವರ ಮಾಡದ ಮುಂದೆ ಕೂರಿಸಿ ವಿಭೂತಿ ಮುಟ್ಟಿಸಿದರು. ನನಗೆ, "ಆಕಿ ಜೋಡಿ ಮಾತಾಡೂದಿಲ್ಲ ಅಂತ ಹೇಳು" ಎಂದರು. ಹೇಳಿದೆ. ಆನಂದನಿಗೆ ಹೇಳಿದ ಮಾತು ಬೇರೆ. "ಆಕಿ ಕಡೆ ಹೋಗೂ ಗಾಡಿ ಸಪ್ಪಳ ನನ್ನ ಕಿವಿಗೆ ಬೀಳಬಾರದು. ಬಿದ್ದ ದಿವಸ ಆ ಗಾಡಿಗೂ ಅದರ ಮ್ಯಾಲೆ ಕುಂತಾಂವಗೂ ಈ ಅಂಗಳ ಇಲ್ಲ" ಎಂದು ತಾವೇ ವಿಭೂತಿ ಹಿಡಿದು ನುಡಿದರು. ಅವರ ನುಡಿ ಎಂದರೆ ಗೊತ್ತಲ್ಲ. ಬನವಾಸಿಯಲ್ಲಿ ಯಾವನೋ ಹೋಟೆಲಿನವನ ಜೊತೆ ಜಗಳವಾಡಿ ಇನ್ನು ಚಹಾ ಕುಡಿಯುವುದಿಲ್ಲ ಎಂದರು, ಆ ಹೋಟೆಲಿನವ ಸತ್ತು ಆರು ವರ್ಷವಾಯಿತು, ಇವರು ಇನ್ನೂ ಬಿಸಿನೀರು ಕುಡಿಯುತ್ತಿದ್ದಾರೆ. ನಾನೂ ಈ ಎರಡು ವರ್ಷ ನನ್ನ ಆಣೆಯನ್ನು ತಿರುವಿ ಮುರುವಿ ನೋಡಿದೆ. ಮಾತಾಡುವುದಿಲ್ಲ ಎಂದಿದ್ದೇನೆಯೇ ಹೊರತು ಬರೆಯುವುದಿಲ್ಲ ಎಂದಿಲ್ಲ. ದೇವರೇನು ನನಗಿಂತ ದಡ್ಡನಲ್ಲ, ಅವನಿಗೂ ಇದು ಗೊತ್ತಿರಬೇಕು.

ನನ್ನ ಸ್ವಭಾವ ನಿನಗೆ ಹೊಸದಲ್ಲ. ಹಾಲಿನವ ನಕ್ಕರೆ ಇವತ್ತು ನೀರು ಜಾಸ್ತಿ ಹಾಕಿದ್ದಾನೆ ಎನ್ನುವವಳು ನಾನು. ಆದರೆ ಈ ಸಲ ಮೊದಲು ಅನುಮಾನ ಬಂದದ್ದು ಒಂದು ಪಾರ್ಸೆಲ್ಲಿನ ಮೇಲೆ. ದಸರಾ ಕಳೆದ ವಾರ ಆನಂದನ ಹೆಸರಿಗೆ ಬಂತು. ಅವನು ಮನೆಯಲ್ಲಿರಲಿಲ್ಲ, ನಾನೇ ಬಿಚ್ಚಿದೆ. ಒಳಗೆ ಗೇಣುದ್ದದ ಸ್ಟೀಲಿನ ಕೊಳವೆ, ಮೈತುಂಬ ತೂತು. ಶಾವಿಗೆ ಒತ್ತುವ ಹೊಸ ನಮೂನೆಯ ಅಚ್ಚು, ಅವ್ವನ ಮೇಲೆ ಪ್ರೀತಿ ಉಕ್ಕಿ ತರಿಸಿದ್ದಾನೆ ಎಂದುಕೊಂಡು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು ಅಡುಗೆಮನೆಯ ಮಾಡದಲ್ಲಿ ಇಟ್ಟೆ. ಸಂಜೆ ಅವನು ನೋಡಿ ತಲೆ ಚಚ್ಚಿಕೊಂಡ. "ಯವ್ವಾ, ಅದು ಬಫಲ್ಲು. ಸೈಲೆನ್ಸರ್ ಒಳಗ ಕೂಡಸೂದು, ಗಾಡಿ ಸಪ್ಪಳ ಇಳೀತೈತಿ" ಎಂದ. ಅಲ್ಲಿಗೆ ನನ್ನ ಅನುಮಾನ ಮುಗಿಯಬೇಕಿತ್ತು. ಶುರುವಾದದ್ದೇ ಅಲ್ಲಿಂದ.

ಹೋದ ವರ್ಷ ಅಷ್ಟು ಆಸೆಪಟ್ಟು ಬೈಕಿಗೆ ಗುಡುಗುಡು ಸೈಲೆನ್ಸರ್ ಹಾಕಿಸಿದವನು ಇವನೇ. ಅವನು ಮುಖ್ಯ ರಸ್ತೆಯಲ್ಲಿ ತಿರುಗುವಾಗಲೇ ಸಪ್ಪಳ ಕೇಳಿ ನಾನು ರೊಟ್ಟಿಯ ಹಂಚು ಇಡುತ್ತಿದ್ದೆ. ಅಂಥವನಿಗೆ ಈಗ ಸಪ್ಪಳ ಯಾಕೆ ಬೇಡವಾಯಿತು? ಪೊಲೀಸರು ಹಿಡಿಯುತ್ತಿದ್ದಾರೆ ಎಂದ. ಹಿಡಿಯುವುದಾದರೆ ಹೋದ ವರ್ಷವೂ ಹಿಡಿಯುತ್ತಿದ್ದರಲ್ಲ. ಸಪ್ಪಳ ಮಾಡದೆ ಓಡಾಡಬೇಕೆನ್ನುವವನು ಎಲ್ಲಿಗೋ ಕದ್ದು ಹೋಗುವವನೇ. ಮಂಗಳವಾರ ಮಂಗಳವಾರ ಇನ್ವರ್ಟರ್ ರಿಪೇರಿಗೆ ಸಿದ್ದಾಪುರಕ್ಕೆ ಹೋಗುತ್ತೇನೆ ಎನ್ನುತ್ತಿದ್ದ. ಒಂದು ಮಂಗಳವಾರ ಅವನು ಸ್ನಾನಕ್ಕೆ ಹೋದಾಗ ಚೀಲ ನೋಡಿದೆ. ತಪ್ಪು ಅನ್ನು, ಏನಾದರೂ ಅನ್ನು, ನೋಡಿದೆ. ಯಲ್ಲಾಪುರದ ಔಷಧ ಅಂಗಡಿಯ ಕವರು, ಒಳಗೆ ಒಂದು ಹಾಳೆ ಕೆಂಪು ಮಾತ್ರೆ, ಒಂದು ಹಾಳೆ ಕ್ಯಾಲ್ಸಿಯಂ ಎನ್ನುತ್ತಾರಲ್ಲ, ಆ ಸುಣ್ಣದ ಮಾತ್ರೆ.

ಅವು ಯಾರು ನುಂಗುವ ಮಾತ್ರೆಗಳೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಯಲ್ಲಾಪುರದಲ್ಲಿ ಯಾವ ಹುಡುಗಿಯ ಬಾಳು ಹಾಳು ಮಾಡಿದ ನನ್ನ ಮಗ ಎಂದು ಎದೆ ಹೊಡೆದುಕೊಂಡೆ. ನೀನು ನೆನಪಿಗೇ ಬರಲಿಲ್ಲ, ಅದೇ ನನಗೆ ಈಗಲೂ ಚುಚ್ಚುವುದು. ನೀನು ನನ್ನ ಕಣ್ಣಲ್ಲಿ ಇನ್ನೂ ಬ್ಯಾಡ್ಮಿಂಟನ್ ಬ್ಯಾಟು ಹಿಡಿದು ಓಡುವ ಹುಡುಗಿಯೇ. ಕವರನ್ನು ಅಕ್ಕಿ ಡಬ್ಬಿಯ ಹಿಂದೆ ಬಚ್ಚಿಟ್ಟೆ, ಅವನೇ ಕೇಳಲಿ, ಆಗ ಬಾಯಿ ಬಿಡಿಸುತ್ತೇನೆ ಎಂದು. ಅವನು ಕೇಳಲಿಲ್ಲ. ಮಧ್ಯಾಹ್ನ ನೋಡಿದರೆ ಕವರೇ ಇಲ್ಲ. ಆಮೇಲೆ ತಿಳಿಯಿತು, ಅದು ಅವನ ಚೀಲದೊಳಗೆ ಹೋಗಿ ಕೂತು ಅವನ ಜೊತೆಗೇ ಹೊರಟುಹೋಗಿತ್ತು. ನಾನು ಇಡಲಿಲ್ಲ, ಅವನಿಗೆ ಜಾಗ ಗೊತ್ತಿರಲಿಲ್ಲ. ಮನೆಯಲ್ಲಿ ಉಳಿದವರು ಒಬ್ಬರೇ. ಅವರು ಪಡಸಾಲೆಯಲ್ಲಿ ಕೂತು ಬಿಸಿನೀರು ಕುಡಿಯುತ್ತಿದ್ದರು.

ಹೋದ ಭಾನುವಾರ ಆನಂದ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಯಾರದೋ ಡ್ರಿಲ್ ಯಂತ್ರ ತಂದು, ಸೈಲೆನ್ಸರಿಗೆ ತೂತು ಕೊರೆಯಲು ಕೂತ. ಬಫಲ್ಲನ್ನು ಬಾಯೊಳಗೆ ತೂರಿಸಿದರೆ ಸಾಲದಂತೆ, ಹೊರಗಿನಿಂದ ತೂತು ಕೊರೆದು ಬೋಲ್ಟ್ ಹಾಕಿ ಹಿಡಿಸಬೇಕಂತೆ, ಇಲ್ಲದಿದ್ದರೆ ಹಾದಿಯಲ್ಲಿ ಹಾರಿ ಬೀಳುತ್ತದಂತೆ. ಇವನು ಕೊರೆಯಹೋದರೆ ಡ್ರಿಲ್ಲಿನ ಮೊನೆ ನಯವಾದ ಕೊಳವೆಯ ಮೇಲೆ ಜಾರಿ ಉದ್ದಕ್ಕೆ ಗೀರಿತು. ಮತ್ತೆ ಒತ್ತಿದ, ಮತ್ತೆ ಗೀರಿತು. ನಿನ್ನ ಅಪ್ಪ ಕಟ್ಟೆಯ ಮೇಲೆ ಬೆನ್ನು ಹಾಕಿ ಪೇಪರ್ ಓದುತ್ತಿದ್ದರು. ಮೂವತ್ತು ವರ್ಷ ಶಿರಸಿಯಲ್ಲಿ ಪಂಪ್ ರಿಪೇರಿ ಮಾಡಿದವರು, ಮೋಟರಿನ ಸಪ್ಪಳ ಕೇಳಿಯೇ ಯಾವ ಬೇರಿಂಗ್ ಹೋಗಿದೆ ಎನ್ನುವವರು. ಎಷ್ಟು ಹೊತ್ತು ತಡೆದುಕೊಂಡಾರು? ಪೇಪರಿಗೇ ಹೇಳಿದರು, "ಕಿವಿ ಚುಚ್ಚಾಗ ಪತ್ತಾರ ಏನ ಮಾಡ್ತಾನ? ಮೊದಲ ಚುಕ್ಕಿ ಇಡ್ತಾನ. ಚುಕ್ಕಿ ಇಲ್ಲದ ಸೂಜಿ ನಿಲ್ಲತೈತೇನು?"

ಆಮೇಲೆ ಎದ್ದು ಒಳಗೆ ಹೋಗಿ, ಅಂಗಡಿ ಮುಚ್ಚಿದಂದಿನಿಂದ ತೆಗೆಯದಿದ್ದ ಹತ್ಯಾರದ ಪೆಟ್ಟಿಗೆ ತಂದರು. ಬಫಲ್ಲನ್ನು ಕೂರಿಸಿ, ಅಳತೆ ನೋಡಿ, ಸೈಲೆನ್ಸರಿನ ತಳಭಾಗಕ್ಕೆ ಕಾಗದದ ಟೇಪು ಅಂಟಿಸಿ ಪೆನ್ಸಿಲಿನಲ್ಲಿ ಗುರುತು ಮಾಡಿ, ಬಫಲ್ಲನ್ನು ಹೊರಗೆ ತೆಗೆದಿಟ್ಟರು. ಗುರುತಿನ ಮೇಲೆ ಚೂಪು ಉಳಿ ಇಟ್ಟು ಸುತ್ತಿಗೆಯಿಂದ ಒಂದೇ ಏಟು. ತೂತು ಮೇಲೆ ಯಾಕಿಲ್ಲ ಎಂದು ಆನಂದ ಕೇಳಿದ್ದಕ್ಕೆ, ಮಳೆನೀರು ಇಳಿದು ತುಕ್ಕು ಹಿಡಿಯುತ್ತದೆ, ನೋಡುವವರ ಕಣ್ಣಿಗೂ ಬೀಳುತ್ತದೆ ಎಂದರು. ಬಾಯೊಳಗೆ ಒದ್ದೆ ಬಟ್ಟೆ ತುರುಕಿಸಿದರು, ಕಬ್ಬಿಣದ ಪುಡಿ ಒಳಗೆ ಹೋಗದಿರಲಿ ಎಂದು. ನನ್ನಿಂದ ಕೊಬ್ಬರಿ ಎಣ್ಣೆ ಇಸಿದುಕೊಂಡು ಚುಕ್ಕಿಯ ಮೇಲೆ ಎರಡು ಹನಿ ಬಿಟ್ಟು, ಮೊದಲು ಸಣ್ಣ ಮೊನೆ, ಆಮೇಲೆ ದಪ್ಪ ಮೊನೆ, ನಿಧಾನ, ನಡುನಡುವೆ ನಿಲ್ಲಿಸಿ ಮತ್ತೆ ಎಣ್ಣೆ. ಚಕ್ಕುಲಿಯ ಎಳೆಯಂತೆ ಸುರುಳಿ ಸುರುಳಿಯಾಗಿ ಲೋಹ ಎದ್ದು ಬಂತು. ದುಂಡು ಅರದಿಂದ ಅಂಚು ಉಜ್ಜಿ, "ಬೆರಳಾಡಿಸಿ ನೋಡು" ಎಂದರು. ನಾನೂ ಆಡಿಸಿ ನೋಡಿದೆ. ನಿನ್ನ ಕಿವಿಯ ತೂತಿನಷ್ಟು ನಯವಾಗಿತ್ತು. ನೀನು ಎಂಟು ತಿಂಗಳ ಕೂಸಿದ್ದಾಗ ನಿನ್ನನ್ನು ತೊಡೆಯ ಮೇಲೆ ಹಿಡಿದು ಕಿವಿ ಚುಚ್ಚಿಸಿದವರೂ ಅವರೇ. ನೀನು ಅತ್ತದ್ದಕ್ಕಿಂತ ಹೆಚ್ಚು ಅವರು ಅತ್ತಿದ್ದರು.

ಕೆಲಸ ಅಲ್ಲಿಗೇ ಮುಗಿದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಬಫಲ್ಲನ್ನು ಮತ್ತೆ ಕೂರಿಸಿ ಬೋಲ್ಟ್ ಬಿಗಿದ ಮೇಲೆ ಗಾಡಿ ಶುರು ಮಾಡಲು ಹೇಳಿ ತಾವು ಕಟ್ಟೆಯ ಮೇಲೆ ಕೂತು ಕೇಳಿದರು. ತಲೆ ಅಲ್ಲಾಡಿಸಿ ಪಡಸಾಲೆಗೆ ಹೋಗಿ ಕೇಳಿದರು. ಆಮೇಲೆ ಕೋಣೆಗೆ ಹೋಗಿ ತಮ್ಮ ಮಂಚದ ಮೇಲೆ ಮಲಗಿ, ದಿಂಬಿಗೆ ಕಿವಿ ಇಟ್ಟು ಕೇಳಿದರು. "ಇನ್ನೂ ಕೇಳತೈತಿ, ಬಿಚ್ಚು" ಎಂದು ಕೂಗಿದರು. ಬಫಲ್ಲಿಗೆ ಎಂಥದೋ ಹತ್ತಿಯಂಥದನ್ನು ಸುತ್ತಿಸಿ, ಮೂರು ಸಲ ಬಿಚ್ಚಿಸಿ ಮೂರು ಸಲ ಹಾಕಿಸಿದರು. ಒಂದು ವರ್ಷ ಆ ಗುಡುಗಿನಲ್ಲೇ ಗೊರಕೆ ಹೊಡೆದ ಮನುಷ್ಯನಿಗೆ ಈಗ ಹಗಲುಹೊತ್ತಿನಲ್ಲಿ ಮಂಚದಿಂದ ಪರೀಕ್ಷೆ ಯಾಕೆ? ನಾನು ಬಾಗಿಲಲ್ಲಿ ನಿಂತು ಅವರ ಮುಖವನ್ನೇ ನೋಡುತ್ತಿದ್ದೆ. ಕೊನೆಗೆ ಎದ್ದು ಕೂತು, ಆನಂದನಿಗಲ್ಲ, ನನಗಲ್ಲ, ದೇವರ ಮಾಡದ ಕಡೆ ತಿರುಗಿ ಹೇಳಿದರು: "ಈಗ ನನ್ನ ಕಿವಿಗೆ ಏನೂ ಬೀಳೂದಿಲ್ಲ."

ಅದೇ ಮಾತು, ಪ್ರತಿಭಾ. ಅಂದು ವಿಭೂತಿ ಹಿಡಿದು ಆಡಿದ ಅದೇ ಮಾತು. ಹೋಗಬಾರದು ಎಂದು ಅವರು ಅಂದಿರಲೇ ಇಲ್ಲ, ಕಿವಿಗೆ ಬೀಳಬಾರದು ಎಂದಿದ್ದರು. ಆ ಮಾತ್ರೆ ಯಾರದೆಂದು ನನಗೆ ಆಗ ಹೊಳೆಯಿತು. ಊರವರ ಗುಟ್ಟನ್ನೆಲ್ಲ ಮೂಸಿ ಹಿಡಿಯುವ ನಾನು ಮನೆಯೊಳಗೆ ಇಬ್ಬರು ಕಳ್ಳರನ್ನು ಇಟ್ಟುಕೊಂಡಿದ್ದೆ. ಹಿತ್ತಲಿಗೆ ಹೋಗಿ ಅತ್ತೆ. ಆಮೇಲೆ ಆನಂದನನ್ನು ಹಿಡಿದು ಕೇಳಿದೆ, ಎಲ್ಲ ಒಪ್ಪಿಕೊಂಡ; ನಿನಗೆಂದು ಅಲ್ಲೇ ಕೊಂಡ ಮಾತ್ರೆಯನ್ನು ಹಿಂದಿನ ವಾರ ಕೊಡಲು ಮರೆತು ಚೀಲದಲ್ಲೇ ತಂದಿದ್ದನಂತೆ. ಅಪ್ಪನಿಗೆ ನೀನು ಹೇಳಿದೆಯಾ ಎಂದರೆ, ಹೇಳಿಲ್ಲ, ಅವರೂ ಕೇಳಿಲ್ಲ ಎಂದ.

ನಾಳೆ ಮಂಗಳವಾರ. ಈ ಕಾಗದ ಅವನ ಕೈಯಲ್ಲೇ ಬರುತ್ತದೆ. ಜೊತೆಗೆ ಹಸಿರು ಬಳೆ ಎರಡು ಡಜನ್, ಕುಪ್ಪಸದ ಖಣ, ಸಜ್ಜಕದ ಹೋಳಿಗೆ ಇಟ್ಟಿದ್ದೇನೆ. ಏಳನೇ ತಿಂಗಳಲ್ಲಿ ತವರಿನವರು ಬಳೆ ತೊಡಿಸಿ ಉಡಿ ತುಂಬಿ ಕುಬಸ ಮಾಡಬೇಕು, ನಾನು ಬಂದು ಮಾಡಲಾಗದ್ದಕ್ಕೆ ಗಾಡಿಯ ಮೇಲೆ ಕಳಿಸುತ್ತಿದ್ದೇನೆ. ಬಳೆಯನ್ನು ನಿನ್ನ ಅತ್ತೆಯ ಕೈಯಿಂದ ತೊಡಿಸಿಕೋ, ಅವರಿಗೆ ನನ್ನ ನಮಸ್ಕಾರ ಹೇಳು. ಉಲ್ಲಾಸನಿಗೆ ಆಶೀರ್ವಾದ, ಅವನ ಮೇಲೆ ಇನ್ನೂ ಒಂದಿಷ್ಟು ಸಿಟ್ಟಿದೆ ಎಂದೂ ಹೇಳು. ಬಾಣಂತನ ಎಲ್ಲಿ ಎಂದು ನೀನು ಕೇಳಬೇಡ. ಮೊದಲ ಹೆರಿಗೆಗೆ ತವರಿಲ್ಲದ ಮಗಳನ್ನು ನೆನೆದರೆ ನನಗೆ ಅನ್ನ ಇಳಿಯುವುದಿಲ್ಲ.

ಮೈ ಜೋಪಾನ, ಎಡಮಗ್ಗುಲಿಗೆ ಮಲಗು.

ನಿನ್ನ ಅವ್ವ,
ಶಾರದವ್ವ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ. ಕಾಗದ ಮಡಚುವಾಗ ನಿನ್ನ ಅಪ್ಪ ಬಂದು ಬಾಗಿಲಲ್ಲಿ ನಿಂತರು. ಯಾರಿಗೆ ಎಂದು ಕೇಳಲಿಲ್ಲ. ಸೆರಗಿನಲ್ಲಿ ಮುಚ್ಚಿಕೊಂಡೆ, ನೋಡಿದರೋ ಇಲ್ಲವೋ ದೇವರೇ ಬಲ್ಲ. ಹಿತ್ತಲ ಕಡೆಯ ಕೋಣೆಗೆ ಸುಣ್ಣ ಹೊಡೆಸಬೇಕು, ಕೂಸಿಗೆ ಥಂಡಿ ಆಗಬಾರದು ಎಂದರು. ಯಾವ ಕೂಸು ಎಂದು ನಾನೂ ಕೇಳಲಿಲ್ಲ. ಹೋಗುವಾಗ ಬೆನ್ನು ಹಾಕಿಕೊಂಡೇ ಅಂದರು: "ಹೋಗೂ ಗಾಡಿ ಅಂದಿದ್ದೆ. ಬರೂ ಗಾಡಿ ಬಗ್ಗೆ ನಾ ಏನೂ ಅಂದಿಲ್ಲ." ಕಾರು ಮಾಡಿಕೊಂಡು ಬಾ ಮಗಳೇ, ಬೈಕಿನ ಮೇಲೆ ಬೇಡ. ಗೇಟಿನ ಹತ್ತಿರ ಹಾರ್ನ್ ಹೊಡೆಸು, ಅವರ ಕಿವಿಗೆ ಬೀಳುವ ಹಾಗೆ.