ಹತ್ತನೇ ನಂಬರಿನ ಹೆಜ್ಜೆ

ಮಾರ್ಚ್ 3, ಮಂಗಳವಾರ. ಬೆಳಿಗ್ಗೆ

ಇವತ್ತೂ ಎರಡು ಲೋಟಕ್ಕೆ ನೀರಿಟ್ಟೆ. ಕೈಗೆ ಇನ್ನೂ ಬುದ್ಧಿ ಬಂದಿಲ್ಲ. ಚೆಲ್ಲಲು ಮನಸ್ಸಾಗದೆ ಎರಡನ್ನೂ ಕುಡಿದೆ. ಹೆಂಡತಿ ಇದ್ದಿದ್ದರೆ ಬೈಯುತ್ತಿದ್ದಳು — ಎರಡನೇ ಟೀ ನಿಮ್ಮ ಹೊಟ್ಟೆಗೆ ಹಗೆ ಅಂತ. ಈಗ ಹೊಟ್ಟೆಗೂ ನನಗೂ ಪಂಚಾಯಿತಿ ಮಾಡುವವರಿಲ್ಲ.

ಏಳಕ್ಕೆ ಮೇಲಿನವನು ಇಳಿದ. ನನ್ನ ಮಂಚದ ಗೋಡೆಗೆ ಅಂಟಿಕೊಂಡೇ ಮರದ ಮೆಟ್ಟಿಲು. ಬಲಗಾಲು ಮೆಲ್ಲಗೆ ಕೆಳಕ್ಕೆ... ತಡೆದು, ಎಡಗಾಲು ಠಕ್ ಎಂದು ಅದರ ಪಕ್ಕಕ್ಕೆ. ಮತ್ತೆ ಬಲ. ಮತ್ತೆ ಠಕ್. ಕತ್ತಲಲ್ಲಿ ಬಾವಿಗೆ ಇಳಿಯುವವನ ಹಾಗೆ.

ಇವನೇ ನಮ್ಮೂರ ಫುಟ್‌ಬಾಲ್ ಟೀಮಿನ ಹತ್ತನೇ ನಂಬರು. ಹೆಸರು ಹಿಡಿದು ಯಾರೂ ಕರೆಯರು, ‘ಹತ್ತು’ ಅಂದರೆ ಸಾಕು. ನನ್ನ ಬಾಡಿಗೆದಾರ. ಹೋದ ತಿಂಗಳು ಆಟದಲ್ಲಿ ಮಂಡಿ ತಿರುಚಿಕೊಂಡ. ಇಪ್ಪತ್ತೆರಡಕ್ಕೆ ಪ್ಲೇಆಫ್. ಗೆದ್ದರೆ ಮೇಲಿನ ಡಿವಿಷನ್ನು, ಸೋತರೆ ಇದೇ ಧೂಳು. ಊರಿಗೆಲ್ಲ ಒಂದೇ ಪ್ರಶ್ನೆ — ಹತ್ತು ಆಡುತ್ತಾನಾ?

ನನಗೆ ಫುಟ್‌ಬಾಲಿನ ಗಂಧ ಅಷ್ಟಕ್ಕಷ್ಟೇ. ಹುಚ್ಚು ಅವಳದು. ಸಲೂನಿನ ಬೆಂಚಿನಲ್ಲಿ ಗಂಡಸರ ನಡುವೆ ಕೂತು ರೆಫ್ರಿಗೆ ಶಾಪ ಹಾಕುತ್ತಿದ್ದಳು. ಎಲ್ಲರಿಗೂ ಅಕ್ಕ ಅವಳು. ಹಾಗಾಗಿ ನಾನು ಎಲ್ಲರಿಗೂ ಭಾವ. ಅಕ್ಕ ಹೋದ ಮೇಲೆ ಭಾವ ಎಂಬ ಪೋಸ್ಟು ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಆನರರಿ.

ಮಾರ್ಚ್ 6, ಶುಕ್ರವಾರ

ಸಲೂನಿಗೆ ಹೋಗಿದ್ದೆ. ಕೂದಲಿಲ್ಲದಿದ್ದರೂ ಹೋಗುತ್ತೇನೆ. ಸಲೂನಿನವನು ಕತ್ತರಿ ಆಡಿಸುತ್ತಲೇ ಕೇಳಿದ, “ಭಾವ, ಇವತ್ತಿನ ಸಮಾಚಾರ ಏನು? ಹೇಗೆ ಇಳಿದ?”

“ಒಂದೊಂದೇ ಮೆಟ್ಟಿಲು. ಬಲಗಾಲಿನ ಮೇಲೆ ಭಾರವೇ ಹಾಕ್ತಿಲ್ಲ.”

ಬೆಂಚು ನಿಟ್ಟುಸಿರು ಬಿಟ್ಟಿತು. ಬಸ್ ಡ್ರೈವರು ಎದ್ದೇ ಬಿಟ್ಟ. “ಒಂದು ಇಂಜೆಕ್ಷನ್ ಚುಚ್ಚಿ ಇಳಿಸ್ರಪ್ಪ! ಅವನು ಸುಮ್ನೆ ನಿಂತ್ರೂ ಸಾಕು, ಎದುರು ಟೀಮಿನ ಇಬ್ಬರು ಅವನನ್ನೇ ಕಾಯ್ತಾರೆ.”

ಮೂಲೆಯಲ್ಲಿ ಹಳೇ ಗೋಲಿ ಇದ್ದ. ಒಂದು ಕಾಲದಲ್ಲಿ ಟೀಮಿನ ಗೋಲ್‌ಕೀಪರು. ಈಗ ಕೈಬೆರಳುಗಳು ಕೊಕ್ಕೆ. ಪೇಪರು ಇಳಿಸದೆ ಹೇಳಿದ, “ಸುಮ್ನೆ ನಿಲ್ಲೋಕೆ ಕಂಬ ಸಾಕಲ್ಲ. ಕಂಬಕ್ಕೆ ಜರ್ಸಿ ಹಾಕು.”

“ಏ, ನಿಂದು ಯಾವಾಗ್ಲೂ ಅಪಶಕುನ!” ಡ್ರೈವರು ರೇಗಿದ.

“ನನ್ನ ಬೆರಳಿಗೂ ಇಂಜೆಕ್ಷನ್ ಚುಚ್ಚಿದ್ರು ಕಣೋ. ಆವತ್ತು ಗೆದ್ವಿ. ಈಗ ಶರ್ಟ್ ಗುಂಡಿ ಹಾಕೋಕೆ ಹೆಂಡ್ತಿ ಬೇಕು.”

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಗುಂಡಿ ಹಾಕುವ ವಿಚಾರ.

ಆದರೂ... ಎಷ್ಟು ದಿನವಾಗಿತ್ತು, ನನ್ನ ಮಾತಿಗೆ ಒಂದು ಬೆಂಚು ತಿರುಗಿ ನೋಡಿ.

ಮಾರ್ಚ್ 12, ಗುರುವಾರ. ಮಧ್ಯಾಹ್ನ

ಬೆಳಿಗ್ಗೆ ಇನ್ನೂ ಹಾಸಿಗೆಯಲ್ಲೇ ಇದ್ದೆ. ದಡದಡ ದಡದಡ! ಎರಡೆರಡು ಮೆಟ್ಟಿಲು ಹಾರಿ ಇಳಿದ. ಅದೇ ಶೂ, ಹಿಮ್ಮಡಿಯಲ್ಲಿ ಕೀಚ್ ಎನ್ನುವ ಅದೇ ಹಳೇ ಪ್ರಾಕ್ಟೀಸ್ ಶೂ. ಐದು ನಿಮಿಷಕ್ಕೆ ಮತ್ತೆ ಹತ್ತಿದ, ಅದೇ ಓಟ. ಎರಡು ಕಾಲಿಗೂ ಸಮ ಭಾರ. ನಾನು ತಪ್ಪಲು ಸಾಧ್ಯವಿಲ್ಲ. ನೀರು ಸರಬರಾಜು ಕಚೇರಿಯಲ್ಲಿ ನನ್ನ ಕೆಲಸವೇ ಕೇಳುವುದು. ಕಬ್ಬಿಣದ ಕೋಲನ್ನು ರಸ್ತೆಗೆ ಊರಿ, ಮೇಲಿನ ತುದಿಗೆ ಕಿವಿಯಿಟ್ಟು, ಮಣ್ಣಿನಡಿ ಪೈಪು ಎಲ್ಲಿ ಸೋರುತ್ತದೆ ಎಂದು ಹೇಳುತ್ತಿದ್ದೆ. ಸೀಮೆಸುಣ್ಣದಲ್ಲಿ ಗುರುತು ಹಾಕಿದಲ್ಲೇ ಅಗೆಯುತ್ತಿದ್ದರು.

ಹಲ್ಲುಜ್ಜದೆ ಸಲೂನಿಗೆ ಓಡಿದೆ. ಬಾಗಿಲಲ್ಲೇ ನಿಂತು ಸಾರಿದೆ. ಡ್ರೈವರು ನನ್ನನ್ನು ಎತ್ತಿ ತಿರುಗಿಸಿದ. ಔಷಧಿ ಅಂಗಡಿಯವನು ಎಲ್ಲರಿಗೂ ಟೀ ಹೇಳಿದ, ಅವನ ಜನ್ಮದಲ್ಲೇ ಮೊದಲು.

ಆಗ ಕುರ್ಚಿಯಲ್ಲಿ ಮುಖಕ್ಕೆ ಬಿಸಿ ಟವಲು ಹಾಕಿಸಿಕೊಂಡು ಮಲಗಿದ್ದವನು ಟವಲು ತೆಗೆದ. ಕೋಚು! ಗುರುವಾರ ಗಡ್ಡ ತೆಗೆಸುತ್ತಾನಂತೆ.

“ನೀವು ಅವನ ಮನೆ ಓನರಾ?”

“ಹೌದು.”

“ಗ್ರೌಂಡಲ್ಲಿ ನನ್ನೆದುರು ನೆಟ್ಟಗೇ ನಡೀತಾನೆ. ಹಲ್ಲು ಕಚ್ಚಿ ನಡೀತಾನೋ ಏನೋ ಅಂತ ಅನುಮಾನ. ಯಾರೂ ನೋಡದಾಗ ಹೇಗೆ ನಡೀತಾನೆ, ಅದು ಬೇಕಿತ್ತು ನಂಗೆ. ನಿಮ್ಮ ಕಿವಿ ನಂಬಬಹುದಾ?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಎಲ್ಲಿತ್ತೋ ಆ ಇಂಗ್ಲಿಷು, ಕಾಲೇಜು ಬಿಟ್ಟ ಮೇಲೆ ಸತ್ತಿತ್ತು ಅಂದುಕೊಂಡಿದ್ದೆ — “ಸರ್, ಐ ಆಮ್ ದಿ ಇಯರ್ ವಿಟ್ನೆಸ್!” ಅಂದೆ. ಚಪ್ಪಾಳೆ.

ಸಲೂನಿನವನು ಬೆಂಚಿನಲ್ಲಿ ಅವಳು ಕೂರುತ್ತಿದ್ದ ಜಾಗ ಒರೆಸಿ, “ಇಲ್ಲಿ ಕೂತ್ಕೊಳ್ಳಿ ಭಾವ” ಅಂದ. ಇಷ್ಟು ದಿನ ಅಲ್ಲಿ ಯಾರೂ ಕೂರುತ್ತಿರಲಿಲ್ಲ. ನಾನೂ.

ಕೂತೆ.

ಮಾರ್ಚ್ 14, ಶನಿವಾರ

ದಡದಡ ಇವತ್ತೂ. ರಸ್ತೆಯಲ್ಲಿ ಗುರುತಿಲ್ಲದವರೂ ಕೈ ಎತ್ತುತ್ತಾರೆ. ಹತ್ತರ ಹೆಸರು ಟೀಮಿನ ಪಟ್ಟಿಗೆ ಬಂತಂತೆ. ಒಂದೇ ಲೋಟ ಟೀ ಮಾಡಿದೆ, ಮರೆಯದೆ. ಇಂಪ್ರೂವ್‌ಮೆಂಟ್.

ಮಾರ್ಚ್ 17, ಮಂಗಳವಾರ

ಹೇಗೆ ಬರೆಯಲಿ.

ದಡದಡ ಕೇಳಿತು. ಒಂದು ಸಲ ಕಣ್ಣಾರೆ ನೋಡೋಣ, ಬೆನ್ನು ತಟ್ಟೋಣ ಅಂತ ಬಾಗಿಲು ತೆಗೆದೆ. ಇಳಿದು ಬಂದದ್ದು ಒಬ್ಬ ಹುಡುಗಿ. ಅವನಷ್ಟೇ ಎತ್ತರ, ಎರಡು ಕೈಯಲ್ಲೂ ಖಾಲಿ ನೀರಿನ ಕ್ಯಾನು. ಕಾಲಲ್ಲಿ ಅವನ ಹಳೇ ಶೂ.

“ನಮಸ್ಕಾರ ಅಂಕಲ್. ನಾನು ಅವನ ತಂಗಿ. ಹೋದ ವಾರ ಬಂದೆ, ಹೇಳೋಕೇ ಆಗ್ಲಿಲ್ಲ. ಪಾರ್ಸೆಲ್ ವ್ಯಾನ್ ಕೆಲಸಕ್ಕೆ ರಜಾ ಹಾಕಿ ಬಂದಿದೀನಿ. ಅಣ್ಣನಿಗೆ ನೀರು ಎತ್ತೋಕೂ ಆಗ್ತಿಲ್ಲ ನೋಡಿ.”

“ಅವನು... ಇಳಿಯೋದಿಲ್ವಾ?”

“ಇಳೀತಾನೆ. ನೀವು ವಾಕಿಂಗ್ ಹೋದ ಮೇಲೆ. ಕೂತ್ಕೊಂಡು, ಒಂದೊಂದೇ ಮೆಟ್ಟಿಲು ಜಾರ್ಕೊಂಡು. ಸದ್ದಾಗಬಾರದು, ಮಂಡಿ ವಿಷ್ಯ ಕೋಚ್‌ಗೆ ಗೊತ್ತಾಗಬಾರದು ಅಂತ.”

ನಕ್ಕಳು. ಒಳ್ಳೆಯ ಹುಡುಗಿ. ನಾನು ಬಾಗಿಲು ಹಾಕಿಕೊಂಡೆ.

ಸೋರಿಕೆ ಒಂದು ಕಡೆ, ಗುರುತು ಇನ್ನೊಂದು ಕಡೆ. ಕೆಲಸದಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲ. ಅವಳಿದ್ದಿದ್ದರೆ ಮೊದಲ ದಿನವೇ, “ರೀ, ಇದು ಹೆಣ್ಣು ಹೆಜ್ಜೆ” ಅಂದುಬಿಡುತ್ತಿದ್ದಳು, ಸೌಟು ಕೈಯಲ್ಲಿ ಹಿಡಿದೇ.

ಮಾರ್ಚ್ 18, ಬುಧವಾರ. ಸಂಜೆ

ಅವನೇ ಬಂದಿದ್ದ. ಬಾಗಿಲು ತಟ್ಟಿ, ಚೌಕಟ್ಟು ಹಿಡಿದು ನಿಂತಿದ್ದ. ಕುರ್ಚಿ ಕೊಟ್ಟೆ. ಕೂರುವಾಗ ಬಲಗಾಲು ಮಡಿಸಲಿಲ್ಲ, ಮುಂದಕ್ಕೆ ಚಾಚಿದ. ಮಂಡಿ ಪ್ಯಾಂಟಿನೊಳಗೇ ಉಬ್ಬಿತ್ತು.

“ಅಂಕಲ್, ಥ್ಯಾಂಕ್ಸ್ ಹೇಳೋಕೆ ಬಂದೆ.”

“ಯಾತಕ್ಕಪ್ಪಾ?”

“ಕೋಚ್ ಹೇಳಿದ್ರು, ನಿನ್ನ ಓನರ್ ಸಾಕ್ಷಿ ಇದೆ, ಅದಕ್ಕೇ ಟೀಮಿಗೆ ಹಾಕ್ತಿದೀನಿ ಅಂತ. ನಂಗೆ ಅರ್ಥವಾಯ್ತು ಏನಾಗಿದೆ ಅಂತ. ಹೌದು ಸರ್ ಅಂದೆ.”

“ನಾನು ತಪ್ಪು ಕೇಳಿಸ್ಕೊಂಡೆ ಕಣಪ್ಪ. ನಾಳೆ ಅವರು ಸಲೂನಿಗೆ ಬರ್ತಾರೆ, ಹೇಳಿಬಿಡ್ತೀನಿ.”

“ಬೇಡ ಅಂಕಲ್!” ಎದ್ದೇಳಲು ಹೋಗಿ, ಮುಖ ಕಿವಿಚಿ, ಕೂತ. “ಈ ಸೀಸನ್‌ಗೆ ನನ್ನ ಕರಾರು ಮುಗಿಯುತ್ತೆ. ಆಡದೆ ಕೂತ್ರೆ ಮುಂದಿನ ವರ್ಷ ಯಾರು ಇಟ್ಕೋತಾರೆ? ನಂಗೆ ಬೇರೆ ಕೆಲಸ ಬರಲ್ಲ ಅಂಕಲ್. ಅರ್ಧ ಗಂಟೆ ಆಡ್ತೀನಿ, ಅಷ್ಟೇ. ಆಮೇಲೆ ಬೇಸಿಗೆಯೆಲ್ಲ ರೆಸ್ಟು.”

“ಡಾಕ್ಟರು ಏನಂದ್ರು?”

ಅವನು ಗೋಡೆಯ ಮೇಲಿನ ಅವಳ ಫೋಟೋ ನೋಡಿದ. “ಆಂಟಿ ಇದ್ದಿದ್ರೆ ಆಡು ಅಂತಿದ್ರು.”

ಅನ್ನುತ್ತಿದ್ದಳಾ? ಆಟದ ಹುಚ್ಚು ಇತ್ತು, ನಿಜ. ಆದರೆ ಯಾರಾದರೂ ಬಿದ್ದರೆ ಮೊದಲು ಎದ್ದು ನಿಲ್ಲುತ್ತಿದ್ದವಳೂ ಅವಳೇ. ಚೆಂಡು ಎಲ್ಲಿ ಹೋಯಿತು ಅಂತ ಆಮೇಲೆ ನನ್ನನ್ನು ಕೇಳುತ್ತಿದ್ದಳು.

ಇದನ್ನು ಅವನಿಗೆ ಹೇಳಬೇಕಿತ್ತು. ಹೇಳಲಿಲ್ಲ.

ಮಾರ್ಚ್ 19, ಗುರುವಾರ

ಹೇಳಬೇಕೆಂದೇ ಹೋದೆ. ದಾರಿಯುದ್ದಕ್ಕೂ ವಾಕ್ಯ ಕಟ್ಟಿಕೊಂಡು — ಸರ್, ಎ ಮಿಸ್ಟೇಕ್ ವಾಸ್ ಡನ್ ಬೈ ಮಿ.

ಸಲೂನು ತುಂಬ ಬಾವುಟ. ಕನ್ನಡಿಯ ಅಂಚಿಗೂ ಕಟ್ಟಿದ್ದಾರೆ. “ಬಂದ್ರು ನೋಡು ಕಿವಿ ಸಾಹೇಬ್ರು!” ಡ್ರೈವರು ಕೂಗಿದ. ನನಗಾಗಿ ಅವಳ ಜಾಗ ಖಾಲಿ ಬಿಟ್ಟಿದ್ದರು. ಕೋಚು ಕುರ್ಚಿಯಲ್ಲಿ, ಅರ್ಧ ಮುಖಕ್ಕೆ ನೊರೆ.

ಕನ್ನಡಿಯೊಳಗಿಂದಲೇ ಕೇಳಿದ, “ಹೇಗಿದೆ ಯಜಮಾನ್ರೇ, ಮೆಟ್ಟಿಲು? ಈಗಲೂ ಹಾಗೇನಾ?”

ಸಲೂನಿನವನ ರೇಜರು ನಿಂತಿತು. ಹಳೇ ಗೋಲಿ ಪೇಪರು ಇಳಿಸಿದ. ನೇರ ನನ್ನ ಕಣ್ಣಿಗೆ ಕಣ್ಣಿಟ್ಟ. ಅವನಿಗೆ ಗೊತ್ತಿತ್ತು ಅನ್ನಿಸಿತು. ಗೊತ್ತಿರಲಿಕ್ಕಿಲ್ಲ. ನನಗೆ ಗೊತ್ತಿದ್ದುದು ಮುಖದಲ್ಲಿ ಕಂಡಿರಬೇಕು.

“ಹಾಗೇ ಇದೆ” ಅಂದೆ.

ಹುಡುಗನಿಗಾಗಿ ಹೇಳಿದೆ. ಅವನೇ ಬೇಡಿಕೊಂಡಿದ್ದ. ಹೀಗೆಂದು ಬರೆದು ಮತ್ತೆ ಓದಿಕೊಂಡೆ. ಪೂರ್ತಿ ಸುಳ್ಳಲ್ಲ. ಆದರೆ ಆ ಬೆಂಚಿನ ಮೂಲೆ ಬೆಚ್ಚಗಿತ್ತು. ಎದ್ದು ಹೋಗು ಅಂದರೆ ಎಲ್ಲಿಗೆ ಹೋಗಲಿ ನಾನು.

ಮಾರ್ಚ್ 22, ಭಾನುವಾರ. ಬೆಳಿಗ್ಗೆ

ಅವರಿಬ್ಬರೂ ಬೇಗ ಹೋದರು. ತಂಗಿ ಮುಂದೆ, ದಡದಡ. ಅವನು ಹಿಂದೆ, ಗೋಡೆಗೆ ಕೈ ಸವರಿಕೊಂಡು. ಗೋಡೆಯ ಈಚೆ ನಾನು. ಕೈ ಎಲ್ಲಿದೆ ಅಂತ ಗೊತ್ತಾಗುತ್ತಿತ್ತು. ಇನ್ನೂ ಹೊತ್ತಿದೆ. ಗ್ರೌಂಡಿಗೆ ಹೋಗಿ ಕೋಚನ್ನು ಹುಡುಕಿದರೆ...

ಅದೇ ದಿನ. ಸಂಜೆ

ಗೆದ್ದೆವು.

ಎರಡನೇ ಅರ್ಧದ ನಡುವಿನಲ್ಲಿ ಅವನನ್ನು ಇಳಿಸಿದರು. ಗ್ರೌಂಡು ಎದ್ದು ನಿಂತಿತು. ನಿಜವಾಗಿಯೂ ಸುಮ್ಮನೆ ನಿಂತೇ ಇದ್ದ, ಡ್ರೈವರು ಹೇಳಿದ ಹಾಗೆ ಇಬ್ಬರು ಅವನನ್ನೇ ಕಾದರು. ಒಂದು ಚೆಂಡು ಕಾಲಿಗೆ ಬಂತು. ಎಡಗಾಲಲ್ಲಿ ಹಿಡಿದ. ಬಲಗಾಲ ಮೇಲೆ ತಿರುಗಿ, ಸಂದಿಯಲ್ಲಿ ತಳ್ಳಿದ. ಇನ್ನೊಬ್ಬ ಗೋಲು ಹೊಡೆದ. ಇಡೀ ಊರು ಚೆಂಡಿನ ಹಿಂದೆ ಹೋಯಿತು.

ನಾನು ಹೋಗಲಿಲ್ಲ. ಗ್ರೌಂಡಿನಲ್ಲಿ ಅವಳು ಕೂರುತ್ತಿದ್ದ ಸೀಟಿನಲ್ಲೇ ಕೂತಿದ್ದೆ, ಅವಳ ಹಾಗೇ ನೋಡಿದೆ. ಯಾರೂ ಅವನನ್ನು ಮುಟ್ಟಿರಲಿಲ್ಲ. ತಾನೇ ಬಿದ್ದ. ಬಿದ್ದವನು ಮಂಡಿ ಹಿಡಿದುಕೊಳ್ಳಲೂ ಇಲ್ಲ, ಹುಲ್ಲು ಹಿಡಿದುಕೊಂಡ. ಅಷ್ಟು ದೂರಕ್ಕೆ ಏನೂ ಕೇಳಿಸದು, ಅದೂ ಆ ಗಲಾಟೆಯಲ್ಲಿ. ಆದರೂ ನನಗೆ ಕೇಳಿಸಿತು. ಒದ್ದೆ ಹಗ್ಗ ಹರಿದ ಸದ್ದು.

ಪಕ್ಕದವನು ನನ್ನನ್ನು ತಬ್ಬಿ ಅಳುತ್ತಿದ್ದ. “ಭಾವ, ಅಕ್ಕ ಇರಬೇಕಿತ್ತು ಭಾವ!”

ಈಗ ಕಿಟಕಿಯ ಕೆಳಗೆ ಕುಣಿಯುತ್ತಿದ್ದಾರೆ. ನನ್ನ ಹೆಸರಿಗೂ ಜೈಕಾರ. ಕಿಟಕಿ ಹಾಕಿದೆ.

ಮಾರ್ಚ್ 24, ಮಂಗಳವಾರ

ಸಲೂನಿನಲ್ಲಿ ಮೇಲಿನ ಡಿವಿಷನ್ನಿನ ಮಾತು. ಯಾವ ಊರಿಗೆ ಹೋಗಬೇಕು, ಬಸ್ಸು ಯಾರದು. “ಹತ್ತು ಹೇಗಿದ್ದಾನೆ?” ಅಂತ ನಾನೇ ಕೇಳಿದೆ. “ಪಾಪ” ಅಂದ ಔಷಧಿ ಅಂಗಡಿಯವನು. “ಕ್ಲಬ್ ಹೊಸಬನನ್ನ ನೋಡ್ತಿದೆಯಂತೆ” ಅಂದ ಡ್ರೈವರು. ಮುಗಿಯಿತು.

ಹಳೇ ಗೋಲಿ ಬಂದಿರಲಿಲ್ಲ. ಎದುರು ರಸ್ತೆಯಲ್ಲಿ ಸಿಕ್ಕ. ನಿಂತ. ಆ ಕೊಕ್ಕೆ ಬೆರಳಲ್ಲಿ ನನ್ನ ಅಂಗಿಯ ತಪ್ಪಾಗಿ ಹಾಕಿದ ಗುಂಡಿಯನ್ನು ಸರಿ ಮಾಡಲು ನೋಡಿದ. ಆಗಲಿಲ್ಲ. ಹಾಗೇ ಹೋದ.

ಏಪ್ರಿಲ್ 14, ಮಂಗಳವಾರ. ಬೆಳಿಗ್ಗೆ

ಬರೆದಿರಲಿಲ್ಲ. ಏನು ಬರೆಯಲಿ. ಸಲೂನಿಗೂ ಹೋಗುತ್ತಿಲ್ಲ. ಮೆಟ್ಟಿಲು ಇಷ್ಟು ದಿನ ಸುಮ್ಮನಿತ್ತು, ಅವನು ಆಸ್ಪತ್ರೆಯಲ್ಲಿ. ಗೋಡೆಗೆ ಕಿವಿ ಇಟ್ಟು ಮಲಗುತ್ತಿದ್ದೆ. ಖಾಲಿ ಪೈಪೂ ಸದ್ದು ಮಾಡುತ್ತದೆ, ಇದು ಮಾಡದು.

ನಿನ್ನೆ ಆಪರೇಷನ್ ಮುಗಿಸಿ ಬಂದರು, ಸಾಮಾನು ಕಟ್ಟಲು. ನಾಳೆ ಮನೆ ಬಿಡುತ್ತೇವೆಂದು ಹೇಳಲು ತಂಗಿ ಬಂದಿದ್ದಳು. ಕ್ಲಬ್ಬು ಅವನನ್ನು ಕೈಬಿಟ್ಟಿತಂತೆ. ತನ್ನ ಪಾರ್ಸೆಲ್ ಆಫೀಸಿನಲ್ಲಿ ಅವನಿಗೊಂದು ಕೂತು ಮಾಡುವ ಕೆಲಸ ಇವಳೇ ಕೇಳಿದ್ದಾಳಂತೆ.

“ಇನ್ನು ಆಡೋದು?” ಅಂದೆ.

“ನೆಟ್ಟಗೆ ನಡೆದ್ರೆ ಸಾಕು ಅಂದಿದಾರೆ ಅಂಕಲ್.” ಹೊರಡಲು ತಿರುಗಿ, ನಿಂತು, “ಅಣ್ಣ ನಿಮ್ಮ ಬಗ್ಗೆ ಒಂದು ಮಾತೂ ಅಂದಿಲ್ಲ. ಅಂಕಲ್ ಒಬ್ಬರೇ ನನಗೋಸ್ಕರ ಸುಳ್ಳು ಹೇಳಿದ್ದು ಅಂತಾನೆ.”

ಬೈದಿದ್ದರೆ ಆಗುತ್ತಿತ್ತು. ಆ ಮಾತು ತಿಂದು ಅರಗಿಸಿಕೊಳ್ಳಲು ಆಗುತ್ತಿಲ್ಲ.

ಇವತ್ತು ಎರಡು ಲೋಟಕ್ಕೆ ನೀರಿಟ್ಟಿದ್ದೇನೆ. ಮರೆತಲ್ಲ. ಅವನಿಗೆ.

ದಡದಡ. ತಂಗಿ, ಪೆಟ್ಟಿಗೆ ಹೊತ್ತು. ಮತ್ತೆ ಹತ್ತಿದಳು. ಮತ್ತೆ ಇಳಿದಳು. ಹೊರಗೆ ವ್ಯಾನಿನ ಬಾಗಿಲು ಬಡಿಯಿತು.

ಈಗ ಅವನು. ಊರುಗೋಲು. ತಡೆದು, ಒಂದು ಕಾಲು. ಊರುಗೋಲು. ಇನ್ನು ಜಾರಿಕೊಂಡು ಇಳಿಯುವುದಿಲ್ಲ, ಸದ್ದಿನ ಹೆದರಿಕೆ ಮುಗಿಯಿತಲ್ಲ. ಐ ಆಮ್ ಸಾರಿ ಅನ್ನಬಹುದು. ಇಂಗ್ಲಿಷಿನಲ್ಲಿ ಅದು ಎಷ್ಟು ಸಲೀಸು, ಕಾಲು ತುಳಿದರೂ ಅದೇ, ಕಾಲು ಮುರಿದರೂ ಅದೇ. ನಮ್ಮ ಮಾತಿನಲ್ಲಿ ಏನನ್ನಲಿ? ಅವಳಾಗಿದ್ದರೆ ಏನೂ ಅನ್ನುತ್ತಿರಲಿಲ್ಲ, ಹೋಗಿ ಕೈ ಹಿಡಿದು ಇಳಿಸುತ್ತಿದ್ದಳು.

ಊರುಗೋಲು. ಒಂದು ಕಾಲು. ನಿಂತ. ನನ್ನ ಬಾಗಿಲ ಎದುರಿಗೇ ನಿಂತಿದ್ದಾನೆ. ಉಸಿರು ಕೇಳಿಸುತ್ತಿದೆ. ತಟ್ಟುತ್ತಿಲ್ಲ. ಟೀ ಆರುತ್ತಿದೆ. ಏಳಬೇಕು, ಪೆನ್ನು ಇಟ್ಟು, ಬಾಗಿಲು ತೆಗೆದು ಅವನಿಗೆ —